ಉಲ್ಟಾ ನಿಂತ ಮೂರನೆಯವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಶುರು ಮಾಡಿದ್ದು ನಾನೇ.

ಕೋಡಿ ಕಡಲತೀರದಲ್ಲಿ ಐದು ಸಿಮೆಂಟು ಗಂಡಸರಿದ್ದಾರೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಲ್ಲಿ ದೊಡ್ಡದೊಂದು ಹಗ್ಗಜಗ್ಗಾಟದ ಪಂದ್ಯಾಟ ನಡೆದಿತ್ತು. ಬೇರೆ ಬೇರೆ ರಾಜ್ಯಗಳಿಂದ ತಂಡಗಳು ಬಂದಿದ್ದವು. ಪೆಂಡಾಲು, ಮೈಕು, ಗ್ಯಾಲರಿ ಎಲ್ಲ ಮೂರು ದಿನ ಮೆರೆದು ಬಿಚ್ಚಿಕೊಂಡು ಹೋದವು. ಉಳಿದದ್ದು ನೆನಪಿಗೆಂದು ಕಟ್ಟಿದ ಈ ಸ್ಮಾರಕ ಒಂದೇ. ಎದೆಮಟ್ಟದ ಕಟ್ಟೆ, ಅದರ ಮೇಲೆ ಸಾಲಾಗಿ ಐದು ಜನ, ಅವರ ಕೈಯಲ್ಲಿ ತೋಳಿನ ಗಾತ್ರದ ಸಿಮೆಂಟು ಹಗ್ಗ. ನಾಲ್ಕು ಜನ ಸರಿಯಾಗಿದ್ದಾರೆ: ಎದುರಾಳಿ ಕಡೆ ಮುಖ, ಹಿಂದಕ್ಕೆ ವಾಲಿದ ಮೈ, ಊರಿದ ಹಿಮ್ಮಡಿ. ಮೂರನೆಯವನೊಬ್ಬ ಉಲ್ಟಾ. ಎದುರಾಳಿಗೆ ಬೆನ್ನು ಹಾಕಿ, ಹಗ್ಗವನ್ನು ಹೆಗಲ ಮೇಲೆ ಎಳೆದುಕೊಂಡು, ಮುಖ ಕಾಣದಷ್ಟು ಮುಂದೆ ಬಗ್ಗಿ, ತನ್ನ ಪಾಡಿಗೆ ತಾನು ನಡೆಯುತ್ತಿದ್ದಾನೆ.

ಶಾಲೆಯಲ್ಲಿ ನಾವು ಅವನಿಗೆ ಉಲ್ಟಣ್ಣ ಎಂದು ಹೆಸರಿಟ್ಟಿದ್ದೆವು. ಯಾರಾದರೂ ಲೆಕ್ಕ ತಪ್ಪು ಮಾಡಿದರೆ, ಅಂಗಿ ತಿರುಗಾಮುರುಗಾ ಹಾಕಿಕೊಂಡು ಬಂದರೆ, ಅವತ್ತಿಡೀ ಅವರೇ ಉಲ್ಟಣ್ಣ.

ಈಗ ನನಗೆ ಬ್ರಹ್ಮಾವರದಲ್ಲಿ ಒಂದು ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಯುವುದು ಹೊಟ್ಟೆಪಾಡು, ಫೇಸ್‌ಬುಕ್ಕಿನಲ್ಲಿ ಬರೆಯುವುದು ಚಟ. ಮೊನ್ನೆ ಮಳೆಗಾಲ ಮುಗಿದ ಮೇಲೆ ಕೋಡಿಗೆ ಹೋದವಳು ಉಲ್ಟಣ್ಣನ ಫೋಟೋ ಹೊಡೆದು ಹಾಕಿದೆ. "ನಾಲ್ಕ್ ಜನ ಗೆಲ್ಲುಕ್ ಎಳಿತಿದ್ರ್, ಒಬ್ಬ ಮನಿಗ್ ಹೊರ್ಟಿದ್ದ. ನಿಮ್ಮ ಆಫೀಸಿನಲ್ಲೂ ಇಂಥವನೊಬ್ಬ ಇದ್ದಾನಲ್ಲ, ಟ್ಯಾಗ್ ಮಾಡಿ" ಎಂದು ಬರೆದೆ. ಮಾಡಿದರು ನೋಡಿ! ಬೈಂದೂರಿನಿಂದ ಮುಂಬೈ ಹೋಟೆಲಿನವರೆಗೆ ಎಲ್ಲರೂ ಎಲ್ಲರನ್ನೂ ಟ್ಯಾಗ್ ಮಾಡಿದರು. ಯಾರೋ ಅದಕ್ಕೆ ಹಾಡು ಸೇರಿಸಿ ವಿಡಿಯೋ ಮಾಡಿದರು. ನಾನಂತೂ ಹೊಲಿಗೆ ಮೆಷಿನ್ನಿನ ಪಕ್ಕ ಫೋನ್ ಇಟ್ಟುಕೊಂಡು ಒಬ್ಬಳೇ ನಗುತ್ತಿದ್ದೆ.

ಎರಡು ವಾರ ಕಳೆದಿರಬಹುದು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಗಂಗೊಳ್ಳಿಯಿಂದ ಅಪ್ಪಯ್ಯನ ಫೋನು. ಅಪ್ಪಯ್ಯ ಎಪ್ಪತ್ತು ದಾಟಿದವರು, ಜೀವಮಾನವಿಡೀ ಬಲೆ ಎಳೆದವರು. ತಾವಾಗಿ ಫೋನ್ ಮಾಡುವ ಜಾತಿಯಲ್ಲ.

"ಹೆಣೆ, ಕಾರ್ ತಕಂಡ್ ಬಾ. ಕೋಡಿಗ್ ಹೋಯ್ಕ್."

"ಎಂತಕೆ ಅಪ್ಪಯ್ಯಾ? ಇವತ್ತೇ?"

"ಇವತ್ತಲ್ಲ, ಈಗ್ಲೇ. ಆ ಉಲ್ಟಾ ನಿತ್ಕಂಡವನ್ನ ಒಡ್ದ್ ಸಮ ಮಾಡ್ತ್ರಂಬ್ರ್. ಚಾ ಅಂಗ್ಡಿಯಂಗ್ ಹೇಳ್ರ್. ಯಾರೋ ಫೋನಂಗೆ ಬರ್ದ್ ಹಾಕಿ ಊರ್ ಮರ್ಯಾದಿ ತೆಗ್ದ್ರಂಬ್ರ್."

"ಯಾರೋ" ಎಂದದ್ದು ಕೇಳಿ ಬದುಕಿದೆ ಅನ್ನಿಸಿತು. ಆದರೂ ತಲೆಯಲ್ಲಿ ಒಂದೇ ಪ್ರಶ್ನೆ. ಮನೆಯ ಹಿಂದಿನ ದಡದಲ್ಲಿ ನಿಂತರೆ ಅಳಿವೆಯ ಆಚೆಗೆ ಕೋಡಿ ಕಾಣುತ್ತದೆ. ಅಷ್ಟು ಹತ್ತಿರವಿದ್ದೂ ಅಪ್ಪಯ್ಯ ಒಂದು ದಿನ ನಮ್ಮನ್ನು ಆ ಸ್ಮಾರಕ ನೋಡಲು ಕರೆದುಕೊಂಡು ಹೋದವರಲ್ಲ. ಕೇಳಿದರೆ "ಅಲ್ಲೆಂತ ಇತ್ತ್, ಬರೀ ಸಿಮೆಂಟ್" ಎನ್ನುತ್ತಿದ್ದರು. ಈಗ ಈ ಅವಸರ ಯಾಕೆ?

ನಾನು ಗಂಗೊಳ್ಳಿ ಮುಟ್ಟುವಾಗ ಅಪ್ಪಯ್ಯ ಗೇಟಿನ ಹೊರಗೇ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮದುವೆಗೆ ಉಡುವ ಪಂಚೆ. ಒಳಗಿನಿಂದ ಅಮ್ಮ ಕೂಗಿದಳು, "ಹ್ವಾಯ್, ಚಾ ಕುಡ್ದಾರೂ ಹೋಯ್ನಿ!" ಅಪ್ಪಯ್ಯ ಆಗಲೇ ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡಾಗಿತ್ತು.

"ದೋಣಿಯಂಗ್ ಹೋರೆ ಐದ್ ನಿಮ್ಷ. ನಿನ್ ಕಾರಂಗೆ ಊರಿಡೀ ಸುತ್ಕ್" ಎಂದು ಗೊಣಗಿದರು.

"ನೀವೇ ಕಾರ್ ತಕಂಡ್ ಬಾ ಅಂದದ್ದಲ್ದಾ?"

"ಅಂದೆ. ಈಗ ಬಿಡ್, ಗಡ ಓಡ್ಸ್."

ತಲ್ಲೂರು ಹತ್ತಿರ ಮೀನಿನ ಲಾರಿಯೊಂದು ಮುಂದೆ ಸಿಕ್ಕಿತು. ಐಸ್ ನೀರು ಸುರಿಸಿಕೊಂಡು ಆಮೆಯ ಹಾಗೆ ಹೋಗುತ್ತಿತ್ತು. ಅಪ್ಪಯ್ಯ ಸೀಟಿನ ತುದಿಗೆ ಬಂದು ಕೂತಿದ್ದರು. ಹಾರ್ನ್ ಮೇಲೆ ಕೈ ಇಡುವುದೊಂದು ಬಾಕಿ.

"ಅಷ್ಟ್ ಬಿಸಿ ಎಂತಕೆ ಅಪ್ಪಯ್ಯಾ? ಆ ಉಲ್ಟಣ್ಣನ್ನ ಸಮ ಮಾಡ್ರೆ ನಿಮ್ಗೆಂತ?"

ಅಪ್ಪಯ್ಯ ಕಿಟಕಿ ಕಡೆ ನೋಡುತ್ತಾ ಹೇಳಿದರು. "ಅವ ನಾನ್."

"ಯಾರ್?"

"ಅವನೇ. ಮನಿಗ್ ಹೊರ್ಟವ ಅಂದೇಳಿ ಬರ್ದದ್ದಲ್ದಾ? ಅವ ನಾನ್."

ನಾನು ಬ್ರೇಕ್ ಒತ್ತಿದೆ. ಹಿಂದಿನ ಬಸ್ಸಿನವನು ಬೈದ. ಏನು ಬೈದನೋ ಕೇಳಿಸಲಿಲ್ಲ.

ಆಮೇಲೆ ಬಾಯಿ ಬಿಟ್ಟರು. ಸ್ಮಾರಕ ಮಾಡಲು ಘಟ್ಟದ ಮೇಲಿನಿಂದ ಒಬ್ಬ ಶಿಲ್ಪಿ ಬಂದಿದ್ದನಂತೆ. ನಮ್ಮೂರ ತಂಡದ ಐದು ಕಾಲೇಜು ಹುಡುಗರನ್ನು ಸಾಲಾಗಿ ನಿಲ್ಲಿಸಿ ಅಳತೆ ತೆಗೆಯುವುದು ಅವನ ಕ್ರಮ. ಅವತ್ತು ಮೂರನೆಯ ಹುಡುಗನಿಗೆ ಜ್ವರ. ಅಪ್ಪಯ್ಯ ಅಲ್ಲೇ ದಡದಲ್ಲಿ ಕೈರಂಪಣಿ ಎಳೆದು ಮುಗಿಸಿದ್ದರು. ಕೈರಂಪಣಿ ಅಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬಂದು, ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯುವುದು.

"ಆ ಶಿಲ್ಪಿ ನನ್ನ್ ಕರ್ದ. ನೀವು ದಿನಾ ಎಳೆಯುವ ಹಾಗೇ ಎಳೆಯಿರಿ ಅಂದ. ನಾನ್ ದಿನಾ ಎಳುದ್ ಹ್ಯಾಂಗೆ? ಕಡ್ಲಿಗ್ ಬೆನ್ ಹಾಕಿ, ಹಗ್ಗ ಹೆಗ್ಲಿಗ್ ಹಾಕ್ಕಂಡ್. ಹಾಂಗೇ ನಿತ್ಕಂಡೆ. ಅವ್ನಿಗೂ ಗೊತ್ತಿಲ್ಲೆ, ನಂಗೂ ಗೊತ್ತಿಲ್ಲೆ, ಹಗ್ಗಜಗ್ಗಾಟದಂಗೆ ತಿರ್ಗಿ ನಿತ್ರೆ ಫೌಲ್ ಅಂದೇಳಿ."

"ಆ ಹುಡುಗ್ರಾರೂ ಹೇಳುಕಾಗಿತ್ತಲ್ಲ?"

"ಅವ್ರ್ ನಗಾಡ್ತಿದ್ರ್. ನಾನ್ ಎಂತದೋ ತಮಾಷಿ ಅಂದೇಳಿ ಎಣ್ಸ್ಕಂಡೆ. ಉದ್ಘಾಟನೆ ದಿನ ಪರ್ದೆ ತೆಗ್ದ್ರಲ್ಲ, ಇಡೀ ಜನ ಕೂಗಿ ನಗಾಡ್ತ್. ಆಗ ಗೊತ್ತಾಯ್ತ್. ಹಿಂದಿಂದ ಹಾಂಗೇ ದೋಣಿ ಹತ್ತಿ ಬಂದೆ. ಯಾರಿಗೂ ಹೇಳಿಲ್ಲೆ. ನಿನ್ ಅಮ್ಮನಿಗೂ ಹೇಳಿಲ್ಲೆ."

ನನ್ನ ಮುಖ ಕಾದ ಕಾವಲಿಯ ಹಾಗಾಗಿತ್ತು. ಶಾಲೆಯಿಂದ ಬಂದು, ಊಟಕ್ಕೆ ಕೂತು, ಇವರ ಎದುರಿಗೇ ಉಲ್ಟಣ್ಣನ ಕಥೆ ಹೇಳಿ ನಕ್ಕದ್ದೆಷ್ಟು ಸಲ! ಇವರು ಮೀನಿನ ಮುಳ್ಳು ಬಿಡಿಸುತ್ತಾ ಕೂತಿರುತ್ತಿದ್ದರು.

"ಅಪ್ಪಯ್ಯಾ, ಆ ಫೋನಂಗೆ ಬರ್ದದ್ದ್..."

"ಗೊತ್ತಿತ್ತ್. ಚಾ ಅಂಗ್ಡಿಯವ ಫೋಟೋ ಮೇಲೆ ನಿನ್ ಹೆಸ್ರ್ ಓದಿ ಹೇಳ್ದ. ಲಾರಿ ಹೋಯ್ತ್ ಕಾಣ್, ನಡಿ."

ನಾನು ಓಡಿಸಿದೆ. ಯಾವ ಗುಂಡಿಯನ್ನೂ ತಪ್ಪಿಸದೆ ಓಡಿಸಿದೆ.

ಕೋಡಿಯಲ್ಲಿ ಕಾರು ನಿಲ್ಲಿಸಿ ಇಳಿದದ್ದೇ, ಟಣ್ ಟಣ್ ಸದ್ದು ಕೇಳಿಸಿತು. ಸ್ಮಾರಕದ ಸುತ್ತ ಅಡಿಕೆ ಮರದ ಅಟ್ಟಣಿಗೆ. ಮೇಲೆ ಒಬ್ಬ ಗಾರೆ ಕೆಲಸದವನು, ಕೊಪ್ಪಳದ ಕಡೆಯವನು, ಉಳಿ ಸುತ್ತಿಗೆ ಹಿಡಿದು ಕೂತಿದ್ದ. ಮೂರನೆಯವನ ಎಡಗೈ ಮೊಣಕೈವರೆಗೆ ಹೋಗಿತ್ತು, ತುಕ್ಕು ಹಿಡಿದ ಕಬ್ಬಿಣದ ಸರಳು ಹೊರಗೆ ಚಾಚಿತ್ತು. ಅಪ್ಪಯ್ಯ ತಮ್ಮದೇ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡರು.

"ಹ್ವಾಯ್! ನಿಲ್ಸ್! ನಿಲ್ಸ್ ಮಾರಾಯಾ!" ಎಂದು ಕಿರುಚಿದ್ದು ನಾನು. ಚಪ್ಪಲಿ ಮರಳಲ್ಲಿ ಸಿಕ್ಕಿಕೊಂಡಿತು, ಬಿಟ್ಟೇ ಓಡಿದೆ.

ಅವನು ಕೆಳಗೆ ನೋಡಿದ. "ಯಾಕ್ರೀ ಅಕ್ಕಾರ? ಅಧ್ಯಕ್ಷರು ಹೇಳ್ಯಾರ್ರೀ. ಮೊದಲ ಕೈ, ಆಮ್ಯಾಗ ತಲಿ, ಆಮ್ಯಾಗ ಪೂರಾ ತಿರುವೋದು. ಸಿಮೆಂಟ್ ಕಲಸೀನಿ, ಬಿಗಿತೈತ್ರೀ, ಲಗೂನ ಹೇಳ್ರಿ."

ಅಧ್ಯಕ್ಷರಿಗೆ ಅವನ ಫೋನಿನಿಂದಲೇ ಫೋನ್ ಮಾಡಿಸಿದೆ. ಸ್ಮಾರಕದ ಸಮಿತಿಗೆ ಅಧ್ಯಕ್ಷರು, ಹತ್ತಿರದಲ್ಲೇ ಮನೆ. ಸ್ಕೂಟರಿನಲ್ಲಿ ಬಂದರು. ನಡುವಯಸ್ಸು ದಾಟಿದ, ಹೊಟ್ಟೆ ಬಂದ ಮನುಷ್ಯ. ಮುಖ ನೋಡಿದ ಕೂಡಲೇ ಎಲ್ಲೋ ಕಂಡ ಹಾಗಾಯಿತು. ಮೇಲೆ ನೋಡಿದರೆ ಸಾಲಿನ ಮೊದಲನೆಯವನು ಅವರೇ! ಸಿಮೆಂಟಿನಲ್ಲಿ ಹೊಟ್ಟೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

"ಎಂತ ಗಲಾಟಿ ಇದ್? ಸಮಿತಿ ಮೀಟಿಂಗಂಗೆ ಪಾಸ್ ಆದದ್ದ್" ಎಂದರು. "ಇಷ್ಟ್ ವರ್ಷ ಸುಮ್ನಿದ್ದೆವ್. ಮೊನ್ನೆ ಬ್ರಹ್ಮಾವರದ್ ಒಂದ್ ಹೆಂಗ್ಸ್, ಕೆಲ್ಸ ಇಲ್ದೆ, ಫೋಟೋ ಹಾಕಿ ಇಡೀ ದೇಶವೇ ನಗಾಡು ಹಾಂಗ್ ಮಾಡ್ತ್. ನನ್ ಮಗ ದುಬೈಂದ ಫೋನ್ ಮಾಡಿ ಕೇಂತ, ಅಪ್ಪಾ ನಿಮ್ ಟೀಮಿನವ್ನೇ ಓಡಿ ಹೋತಿದ್ನಲ್ಲ ಅಂದೇಳಿ!"

"ಆ ಕೆಲ್ಸ ಇಲ್ದ ಹೆಂಗ್ಸ್ ನಾನೇ" ಎಂದೆ.

ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಸಂದಿಯಲ್ಲಿ ನುಗ್ಗಿಬಿಟ್ಟೆ. ತಪ್ಪು ನನ್ನದು, ಶಿಲ್ಪಿ ಹೀಗೆ ಹೇಳಿದ್ದ, ಇವರು ಬಲೆ ಎಳೆಯುವವರು, ಹಗ್ಗ ಅಂದರೆ ಇವರಿಗೆ ಗೊತ್ತಿರುವುದು ಇದೊಂದೇ ಎಂದು ಉಸಿರು ತೆಗೆಯದೆ ಹೇಳಿದೆ. ಅಧ್ಯಕ್ಷರು ನನ್ನನ್ನು ಬಿಟ್ಟು ಅಪ್ಪಯ್ಯನನ್ನೇ ನೋಡುತ್ತಿದ್ದರು. ಅಟ್ಟಣಿಗೆಗೆ ಕಟ್ಟಿ ಉಳಿದಿದ್ದ ಹಗ್ಗದ ತುದಿ ನೆಲದಲ್ಲಿ ಬಿದ್ದಿತ್ತು. ಅಪ್ಪಯ್ಯ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡು, ಕಡಲಿಗೆ ಬೆನ್ನು ಮಾಡಿ, ಎಡಗಾಲು ಮುಂದಿಟ್ಟು ಬಗ್ಗಿದರು. ಬಿಳಿ ಅಂಗಿಯ ಬೆನ್ನು ಬಿಗಿಯಿತು. ಮೇಲೆ ಸಿಮೆಂಟಿನವನು, ಕೆಳಗೆ ಇವರು. ಅದೇ ಹೆಗಲು, ಅದೇ ಕುತ್ತಿಗೆಯ ಓರೆ.

"ಅಯ್ಯೋ ದೇವ್ರೆ" ಎಂದರು ಅಧ್ಯಕ್ಷರು. "ಹ್ವಾಯ್, ನೀವ್ ಅವತ್ತ್ ನಮ್ಗೆಲ್ಲ ಎಳ್ನೀರ್ ಬೊಂಡ ಕೆತ್ತಿ ಕುಡ್ಸಿದವ್ರಲ್ದಾ?"

"ಹೌದ್. ನೀವ್ ಎರ್ಡ್ ಕುಡ್ದಿದ್ರಿ" ಎಂದರು ಅಪ್ಪಯ್ಯ, ಬಗ್ಗಿದಲ್ಲಿಂದಲೇ.

ಅಧ್ಯಕ್ಷರು ನಕ್ಕರು. ನಕ್ಕರೂ ಸೋಲಲಿಲ್ಲ. "ಆದ್ರೂ ನೀವೇ ಹೇಳಿ, ರೂಲ್ಸ್ ಪ್ರಕಾರ ಇದ್ ತಪ್ಪಲ್ದಾ? ಹಗ್ಗಜಗ್ಗಾಟದಂಗೆ ಹೀಂಗೆ ಯಾರ್ ನಿಲ್ತ್ರ್?"

"ಯಾರೂ ನಿಲ್ತಿಲ್ಲೆ" ಎಂದರು ಅಪ್ಪಯ್ಯ. "ನೀವ್ ಐದ್ ಜನವೂ ಸಮಾ ನಿತ್ಕಂಡಿದ್ರಿ ಅಲ್ದಾ, ಮತ್ತೆ ಫೈನಲಂಗೆ ಎಂತಾಯ್ತ್?"

ಗಾರೆಯವನು ಅಟ್ಟಣಿಗೆಯ ಮೇಲೆ ಬಿದ್ದು ಬಿದ್ದು ನಕ್ಕ. ಫೈನಲಿನಲ್ಲಿ ನಮ್ಮ ತಂಡ ಮೂತಿ ಅಡಿ ಮಾಡಿ ಬಿದ್ದದ್ದು ಊರಿಗೆಲ್ಲ ಗೊತ್ತು. ಅಧ್ಯಕ್ಷರು ಕೆಂಪಾದರು, ತಲೆ ಕೆರೆದುಕೊಂಡರು.

"ಸರ, ಸಿಮೆಂಟ್ ಕಲ್ಲಾಕ್ಕೈತ್ರೀ" ಎಂದು ಗಾರೆಯವನು ಮೇಲಿನಿಂದ ಕೂಗಿದ. "ಇನ್ನೊಂದ್ ಮಾತ್ರೀ. ಮೂರ್ ದಿನದಿಂದ ನೋಡಾಕತ್ತೀನಿ, ಬಂದವ್ರೆಲ್ಲ ಇವನ ಜೋಡೀನ ಫೋಟೋ ತಗೋತಾರ. ನಿಮ್ಮ ಜೋಡಿ ಒಬ್ರೂ ತಗೊಂಡಿಲ್ರೀ."

ಅಧ್ಯಕ್ಷರು ತಮ್ಮ ಸಿಮೆಂಟು ಮುಖವನ್ನು ಒಮ್ಮೆ ನೋಡಿದರು. ಅಪ್ಪಯ್ಯನನ್ನು ಒಮ್ಮೆ ನೋಡಿದರು. "ಹೋಯ್ಲಿ ಬಿಡ್" ಎಂದರು. "ಕೈ ಇದ್ದ ಹಾಂಗೇ ಕಟ್ಟ್. ಮೀಟಿಂಗಂಗೆ ನಾನ್ ಹೇಳ್ತೆ." ಆಮೇಲೆ ನನ್ನ ಕಡೆ ಬೆರಳು. "ನೀವ್ ಬರ್ದ್ ಹಾಳ್ ಮಾಡಿದ್ದ್. ಬರ್ದೇ ಸಮಾ ಮಾಡಿ."

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಗಾರೆಯವನಿಗೆ ಇನ್ನೊಂದು ಕಷ್ಟ. ಒಡೆದ ಕೈ ಹಗ್ಗವನ್ನು ಹೇಗೆ ಹಿಡಿದಿತ್ತು ಎಂದು ಅವನಿಗೆ ನೆನಪಿಲ್ಲ. "ಅಜ್ಜಾರ, ಹಂಗೇ ನಿಂದರ್ತೀರೇನು?"

ಕೇಳಬೇಕೆ! ಅಪ್ಪಯ್ಯ ಮತ್ತೆ ಹೆಗಲು ಕೊಟ್ಟು ನಿಂತರು. ಗಾರೆಯವನು ಕರಣೆಯಲ್ಲಿ ಮೆತ್ತುವುದು, ಕೆಳಗೆ ನೋಡುವುದು, "ಹೆಬ್ಬೆಟ್ಟು ಒಳಗ ಐತೋ ಹೊರಗೋ?" ಎಂದು ಕೇಳುವುದು. "ಹೊರ್ಗೆ ಮಾರಾಯಾ, ಒಳ್ಗಿದ್ರೆ ಹಗ್ಗ ಕೊಯ್ತ್!" ಎಂದು ಇವರು ಬೈಯುವುದು. ಸಮುದ್ರಕ್ಕೆ ಬಂದವರೆಲ್ಲ ಸುತ್ತ ಸೇರಿದರು. ಮೇಲೆ ಕೆಳಗೆ ತೋರಿಸಿ, "ಅದ್ ಇವ್ರೇ ಅಂಬ್ರ್!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅಪ್ಪಯ್ಯನ ಕಿವಿ ಕೆಂಪಾಗಿತ್ತು. ಈ ಸಲ ನಾಚಿಕೆಗಲ್ಲ.

ನಾನು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. "ಅಮ್ಮಾ, ಕಾಣ್, ಉಲ್ಟಣ್ಣ ಯಾರ್ ಗೊತ್ತಿತಾ? ಅಪ್ಪಯ್ಯ!"

ಅಮ್ಮ ಮೀನು ಕೊಯ್ಯುತ್ತಿದ್ದಳು. ಕತ್ತಿಯಿಂದ ಕಣ್ಣೆತ್ತಲಿಲ್ಲ. "ಅದೆಂತ ಹೊಸ್ತಾ? ಪರ್ದೆ ತೆಗ್ದ ದಿನ ನಾನೂ ಅಲ್ಲಿದ್ದೆ, ಆಗ್ಲೇ ಗೊತ್ತಿತ್ತ್. ಆ ಬೆನ್ ನಂಗೆ ಗೊತ್ತಾಪ್ದಿಲ್ಯಾ? ಹೇಳುಕ್ ನಾಚ್ಕಿ ಪಾಪ, ಅಂದೇಳಿ ಸುಮ್ನಿದ್ದೆ. ಚಾ ಕುಡಿಯದೇ ಹೋಯಿರ್, ಎಂತಾರೂ ತಿನ್ಸ್."

ಫೋನಿನ ಸ್ಪೀಕರು ಜೋರಾಗಿಯೇ ಇತ್ತು. ಅಪ್ಪಯ್ಯನಿಗೆ ಕೇಳಿಸಿತು. ಅವರ ಹೆಗಲು ಒಮ್ಮೆ ಅಲುಗಿತು, ಗಾರೆಯವನು "ಅಲುಗಬ್ಯಾಡ್ರೀ ಅಜ್ಜಾರ" ಎಂದು ಗದರಿದ.

ನಾನು ಅವರ ಮುಂದೆ ಹೋಗಿ ಫೋಟೋ ತೆಗೆಯೋಣ ಎಂದರೆ ಅಟ್ಟಣಿಗೆಯ ಕಂಬ ಅಡ್ಡ. ಹಿಂದಿನಿಂದಲೇ ಕರೆದೆ. "ಅಪ್ಪಯ್ಯಾ, ಒಂಚೂರ್ ಈಚೆ ತಿರ್ಗಿ. ಮುಖ ಕಾಣ್ಕಲ್ದಾ?"

"ಆಪ್ದಿಲ್ಲೆ" ಎಂದರು. "ಬಲೆ ದಡಕ್ಕ್ ಬಪ್ಪಲ್ಲಿವರಿಗೆ ತಿರ್ಗುಕಿಲ್ಲೆ."

ಅದಕ್ಕೇ ಬೆನ್ನಿನದೇ ಫೋಟೋ ಹಾಕಿದ್ದೇನೆ. ಮೇಲಿನವನ ಎಡಗೈ ಇನ್ನೂ ಹಸಿ, ಬಣ್ಣ ಆಗಿಲ್ಲ. ಈ ಸಲ ಯಾರನ್ನೂ ಟ್ಯಾಗ್ ಮಾಡಬೇಡಿ. ಇವರು ನನ್ನ ಅಪ್ಪಯ್ಯ.