ಅಂಚಿನಲ್ಲಿ ಕಟ್ಟಿದ ಗಾಣದೆತ್ತು

ಕಾದಂಬರಿ ಓದುವಾಗ ಪುಟದ ಅಂಚಿನಲ್ಲಿ, ಪಾತ್ರದ ಪಕ್ಕಕ್ಕೆ, ಪೆನ್ಸಿಲ್ಲಿನಿಂದ ಒಂದೊಂದು ಪ್ರಾಣಿಯ ಹೆಸರು ಗೀಚುವುದು ನನ್ನ ಹಳೆಯ ದುರಭ್ಯಾಸ. ಹಗರಿಬೊಮ್ಮನಹಳ್ಳಿ, ಹಡಗಲಿಗಳ ದನದ ಸಂತೆಯಲ್ಲಿ ದಲಾಲಿ ಮಾಡುತ್ತಲೇ ಅಕ್ಷರ ಕಲಿತವನಿಗೆ ಸಾಹಿತ್ಯವಿಮರ್ಶೆ ಇನ್ನೆಲ್ಲಿಂದ ಬಂದೀತು! ನೀವು ಎತ್ತು ಕೊಳ್ಳುವವರಾದರೆ ಒಂದು ಮಾತು ಕೇಳಿ: ಹಲ್ಲು ಎಣಿಸುವ ಮೊದಲು ಅದು ನೀರು ಕುಡಿಯುವ ರೀತಿಯನ್ನು ನೋಡಿ; ಸ್ವಭಾವವೆಲ್ಲ ಅಲ್ಲಿಯೇ ತಿಳಿಯುತ್ತದೆ. ಮನುಷ್ಯರನ್ನೂ ಹಾಗೆಯೇ ಅಳೆಯಬಲ್ಲೆನೆಂಬ ಅಹಂಕಾರ ನನಗಿತ್ತು.

೧೯೮೦ರ ಆಸುಪಾಸಿನಲ್ಲಿ ಕೊಟ್ಟೂರಿನ ಗ್ರಂಥಾಲಯದಿಂದ ಮಾನಸಿಕ ಆಸ್ಪತ್ರೆಯ ರೋಗಿಗಳ ಕಾದಂಬರಿಯೊಂದನ್ನು ತಂದೆ. ಸದ್ದಾದರೆ ಮಂಚದಡಿ ಸೇರುವವನಿಗೆ ಮೊಲವೆಂದೂ, ಬೀಗದ ಕೈ ಕುಲುಕಿಸುತ್ತ ಸುತ್ತುವ ದಾದಿಗೆ ಹದ್ದೆಂದೂ ಬರೆದೆ. ಕಿಟಕಿಯ ಬಳಿ ಮಾತಿಲ್ಲದೆ ಕೂತವನ ಪಕ್ಕದಲ್ಲಿ ಮಾತ್ರ ಪೆನ್ಸಿಲ್ಲು ತಡೆಯಿತು. ತಡೆದು, ಸುತ್ತಿ ಸುತ್ತಿ ಎಲ್ಲಿಗೂ ಮುಟ್ಟದ ಗಾಣದೆತ್ತು ನೆನಪಾಗಿ, ಗಾಣದೆತ್ತು ಎಂದೇ ಒತ್ತಿ ಬರೆಯಿತು. ಏಕೆಂದರೆ ನನ್ನ ತಮ್ಮ ಕೊಟ್ರೇಶನೂ ಅಂಥದೇ ಆಸ್ಪತ್ರೆಯೊಂದರಲ್ಲಿ ಮಾತು ಬಿಟ್ಟು, ಕಿಟಕಿಗೆ ಮುಖ ಮಾಡಿ ಕುಳಿತಿದ್ದ. ಇನ್ನು ಮನೆಗೆ ಕರೆದೊಯ್ಯಬಹುದೆಂದು ವೈದ್ಯರ ಕಾಗದವೂ ಬಂದಿತ್ತು.

“ಅಂವೇನು ಹುಲಿನೋ ಕರಡಿನೋ? ನಮ್ಮನಿ ಹುಡುಗ. ಕರ್ಕೊಂಡು ಬರ್ರಿ” ಎಂದಳು ಹೆಂಡತಿ. ನಾನೋ, ಇನ್ನಾರು ತಿಂಗಳು ಅಲ್ಲಿಯೇ ಇರಲೆಂದು ನಿಶ್ಚಯಿಸಿ, ಅದನ್ನು ಅವನಿಗೆ ಹೇಳಿಬರಲು ಹೋದೆ.

ಹೇಳಲು ಬಾಯಿ ಬರಲಿಲ್ಲ. ದನದ ಸಂತೆಯಲ್ಲಿ ನಾವು ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ, ಎಷ್ಟು ಬೆರಳೋ ಅಷ್ಟು ಎಣಿಕೆ. ಒಂದು ಕಾಲಕ್ಕೆ ನನ್ನ ಜೊತೆಯಲ್ಲೇ ದಲಾಲಿ ಮಾಡಿದವನು ಅವನು. ಅವನ ಕೈಮೇಲೆ ಟವೆಲ್ಲು ಹೊದಿಸಿ, ಐದು ಬೆರಳು ಹಿಡಿದು ಬಿಟ್ಟು, ಮತ್ತೊಂದನ್ನು ಹಿಡಿದು, “ತಿಂಗಳು” ಎಂದೆ, ಕಳ್ಳನಂತೆ.

ಅವನು ಕೈ ಕೊಡವಿದ. ಆಮೇಲೆ ನನ್ನ ಒಂದೇ ಒಂದು ಬೆರಳನ್ನು ಬಿಗಿಯಾಗಿ ಹಿಡಿದ.

“ಒಂದು ತಿಂಗಳೇನೋ ತಮ್ಮಾ?”

ಅಲ್ಲವೆಂದು ತಲೆಯಲ್ಲಾಡಿಸಿದ.

“ವಾರ?”

ಕಿಟಕಿಯಿಂದ ಮುಖ ತಿರುಗಿಸಿದ. “ಒಂದ್ ದಿನ” ಎಂದ. “ಭಾಳ ಏರ್ಸಿ ಹೇಳಬ್ಯಾಡಣ್ಣಾ. ನಾನೂ ಸಂತಿ ಮಾಡಿದಾಂವ ಅದೀನಿ.”

ಸೋತೆ. ಮರುದಿನವೇ ಇಬ್ಬರೂ ಊರಿನ ಬಸ್ಸು ಹತ್ತಿದೆವು.

ಮನೆಗೆ ಬಂದ ವಾರಕ್ಕೆ ಕೊಟ್ರೇಶ ಆ ಪುಸ್ತಕ ತೆರೆದು ಅಂಚುಗಳನ್ನೆಲ್ಲ ಓದಿದ. ಗಾಣದೆತ್ತಿನ ಪುಟದಲ್ಲಿ ಬಹಳ ಹೊತ್ತು ನಿಂತ. ಬೈಯಲಿಲ್ಲ. “ಎಲ್ಲಾರನೂ ಸಾಲಾಗಿ ಕಟ್ಟೀಯಲ್ಲಣ್ಣಾ, ಇದರಾಗ ನೀ ಯಾವುದು?” ಎಂದಷ್ಟೇ ಕೇಳಿದ.

ಪುಸ್ತಕ ಹಿಂದಿರುಗಿಸುವ ಮುನ್ನ ಎಲ್ಲ ಹೆಸರುಗಳನ್ನೂ ರಬ್ಬರಿನಿಂದ ಉಜ್ಜಿದೆ. ಮೊಲ ಹೋಯಿತು, ಹದ್ದು ಹೋಯಿತು. ಒತ್ತಿ ಬರೆದ ಗಾಣದೆತ್ತು ಮಾತ್ರ ಕಾಗದದಲ್ಲಿ ತಗ್ಗಾಗಿ ಉಳಿಯಿತು. ಇಂದಿಗೂ ಕಾದಂಬರಿ ಹಿಡಿದರೆ ಪೆನ್ಸಿಲ್ಲು ಕೈಗೆ ಬರುತ್ತದೆ. ಗೀಚಹೊರಟಾಗಲೆಲ್ಲ ತಮ್ಮನ ಪ್ರಶ್ನೆ ಅಡ್ಡ ನಿಲ್ಲುತ್ತದೆ. ಅಂಚನ್ನು ಖಾಲಿ ಬಿಟ್ಟು ಪುಟ ತಿರುವುತ್ತೇನೆ.