ರಾಡಿ ನೀರಿನಲ್ಲಿ ತೆರೆದ ಕಣ್ಣು

ಮಾಲವಣದ ಕದಡಿದ ಸಮುದ್ರದೊಳಗೆ ಗೆಳೆಯ ಅಜಿತನ ಹತ್ತಿರ ಸರಿದು ನೋಡಿದರೆ, ಮಾಸ್ಕಿನ ಗಾಜಿನೊಳಗೆ ಅವನ ಕಣ್ಣುಗಳು ಮುಚ್ಚಿದ್ದವು! ಪ್ರಜ್ಞೆ ತಪ್ಪಿತೇನೋ ಎಂದುಕೊಂಡೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ದಡದಿಂದ ಕೈಕೈ ಹಿಡಿದು ಇಳಿದಿದ್ದ ನಮಗೆ ಮೊಳದಾಚೆ ಏನೂ ಕಾಣುತ್ತಿರಲಿಲ್ಲ. ಅವನನ್ನು ಮೆಲ್ಲಗೆ ಮೇಲಕ್ಕೆ ಕರೆತಂದೆ.

“ಕಣ್ಣ ಯಾಕ ಮುಚ್ಚಿದ್ದಿಲೇ?” ಎಂದು ಕೇಳಿದೆ.

“ನಮ್ಮ ಉಗಾರದ ಹೊಳ್ಯಾಗ ರಾಡಿ ನೀರಿದ್ರ ಕಣ್ಣ ಮುಚ್ಚೇ ಮುಳುಗ್ತೇವಲ್ಲೋ, ಅದ ರೂಢಿ ಐತಿ. ನಿನ್ನ ಕೈ ಇತ್ತಲ್ಲ, ಹೆದರಿಕಿ ಆಗಲಿಲ್ಲ,” ಎಂದ.

ನಕ್ಕು ಮತ್ತೆ ಇಳಿದೆವು. ಈ ಸಲ ಅವನು ಕಣ್ಣು ತೆರೆದಿದ್ದ. ಪಟ್ಟೆಪಟ್ಟೆಯ ಪುಟ್ಟ ಮೀನೊಂದು ನಮ್ಮಿಬ್ಬರ ನಡುವೆ ಬಂದು ನಿಂತಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಚುಕಿದ.

ಊರಿಗೆ ಬಂದ ಮೇಲೆ ಉಗಾರದ ಹೊಳೆ ಕೃಷ್ಣೆಯಲ್ಲಿ ಮುಳುಗಿ ಕಣ್ಣು ತೆರೆದೆ. ರಾಡಿ ಬಿಟ್ಟು ಏನೂ ಕಾಣಲಿಲ್ಲ. ಆದರೂ ಮುಚ್ಚಲು ಮನಸ್ಸಾಗಲಿಲ್ಲ.