ಬ್ರೇಕಿನ ರಬ್ಬರು ತೊಳೆದ ಕೈ

ಖಾಜಾಸಾಬರ ಕಾರಿನ ಬ್ರೇಕು ಕೆಟ್ಟದ್ದು ನಿಮ್ಮಿಂದ ಅಲ್ಲ, ನನ್ನಿಂದ. ಆ ರಬ್ಬರುಗಳನ್ನು ಡೀಸೆಲ್ಲಿಗೆ ಹಾಕಿದವಳು ನಾನು. ನೀವು ಕೇಳಿದಾಗ ಸುಳ್ಳು ಹೇಳಿದವಳೂ ನಾನೇ — ಇಷ್ಟು ಬರೆಯಲಿಕ್ಕೆ ನನಗೆ ಮೂವತ್ತು ವರ್ಷ ಹಿಡಿಯಿತು ನೋಡ್ರಿ.

ನಿಮಗೆ ಗೊತ್ತಿದ್ದದ್ದನ್ನೂ ಮೊದಲಿನಿಂದಲೇ ಬರೆಯುತ್ತೇನೆ. ನಡುವಿನಿಂದ ಶುರು ಮಾಡಿದರೆ ಎಲ್ಲೋ ಒಂದು ಕಡೆ ಜಾರಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಜೇವರ್ಗಿಯ ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡೇ ನಿಮ್ಮ ಗ್ಯಾರೇಜು. ಲಾರಿ, ಜೀಪು, ಟ್ರ್ಯಾಕ್ಟರು — ಇಷ್ಟರಲ್ಲೇ ಇದ್ದಿರಿ. ತೊಂಬತ್ತರ ಸುಮಾರಿಗೆ ಸಣ್ಣ ಕಾರುಗಳು ಬರತೊಡಗಿದವು. ಹಿಂದೆ ಡಿಕ್ಕಿ ಚಾಚಿಕೊಂಡಿರದೆ ಬೆನ್ನಿನ ಬಾಗಿಲೇ ಮೇಲಕ್ಕೆ ಏಳುವಂಥವು. ಮಂದಿ ಅವನ್ನು ಬಾಲ ಇಲ್ಲದ ಕಾರು ಅನ್ನುತ್ತಿದ್ದರು. ನಿಮಗೆ ಅವುಗಳ ಮೇಲೆ ಎಲ್ಲಿಲ್ಲದ ಮಮತೆ. ಅವುಗಳ ಬ್ರೇಕಿನ ಮೇಲೆ ಮಾತ್ರ ಸಿಟ್ಟು. ನಮ್ಮ ಕಡೆ ಬರುತ್ತಿದ್ದ ಹಳೇ ಗಾಡಿಗಳಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಹೆದ್ದಾರಿಯಲ್ಲಿ ಎಮ್ಮೆಯೋ ಲಾರಿಯೋ ಅಡ್ಡ ಬಂದರೆ, ಒತ್ತಿದ ಮೇಲೂ ಒಂದಿಷ್ಟು ದೂರ ಹೋಗಿಯೇ ನಿಲ್ಲುತ್ತಿದ್ದವು. “ಓಡೋದು ಎಲ್ಲಾರೂ ಕಲಸ್ತಾರ. ನಿಲ್ಲೋದು ಯಾರು ಕಲಸಬೇಕು?” ಅನ್ನುತ್ತಿದ್ದಿರಿ. ಸೊಲ್ಲಾಪುರಕ್ಕೆ ನಾಲ್ಕು ಸಲ ತಿರುಗಿ, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕಿನ ನಾಲ್ಕು ಪೂರಾ ಸೆಟ್ಟು ತಂದಿರಿ. ಹೊಳೆಯುವ ತಟ್ಟೆ, ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಕ್ಯಾಲಿಪರು, ಪೆಡಲಿನ ಒತ್ತನ್ನು ಗಾಲಿಗೆ ಮುಟ್ಟಿಸುವ ದೊಡ್ಡ ಮಾಸ್ಟರ್ ಸಿಲಿಂಡರು. ಅದನ್ನೆಲ್ಲ ಪಡಸಾಲೆಯಲ್ಲಿ ಹರವಿಕೊಂಡು ನನಗೆ ತೋರಿಸಿದಿರಿ. ಮದುವೆಯಲ್ಲಿ ನನಗೆ ಹಾಕಿದ ಸರವನ್ನೂ ಅಷ್ಟು ಹೊತ್ತು ನೋಡಿರಲಿಲ್ಲ ನೀವು.

ಬೋರ್ಡು ಬರೆಸಿದಿರಿ: “ಶರಣಪ್ಪ ಮಿಸ್ತ್ರಿ, ಸಣ್ಣ ಕಾರಿಗೆ ಡಿಸ್ಕ್ ಬ್ರೇಕ್ ಕೂಡಿಸಲಾಗುವುದು.” ನಿಮ್ಮ ಹೆಸರನ್ನು ಬಾಯಿಂದ ಹೇಳಲಿಕ್ಕೆ ನನಗೆ ನಾಚಿಕೆ. ಕಸ ಗುಡಿಸುವ ನೆವದಲ್ಲಿ ಹೊರಗೆ ಬಂದು ದಿನಾ ಮನಸ್ಸಿನಲ್ಲೇ ಓದುತ್ತಿದ್ದೆ.

ಕೆಲಸದಲ್ಲಿ ನಾನೂ ಪಾಲುದಾರಳೇ ಅಲ್ಲೇನ್ರಿ? ನಟ್ಟು ಬೋಲ್ಟು, ಎಲ್ಲಾ ಸಾಮಾನು ಡೀಸೆಲ್ಲಿನ ಟ್ರೇಯಲ್ಲಿ ತೊಳೆಯುವವಳು ನಾನು. “ನೀ ತೊಳದ ಬೋಲ್ಟು ತಾಟಿನ್ಯಾಗ ಇಟ್ಟು ಉಣ್ಣಬಹುದು” ಅಂದಿದ್ದಿರಿ. ಆ ಮಾತಿಗೆ ನಾನು ವಾರಗಟ್ಟಲೆ ಉಬ್ಬಿಕೊಂಡು ತಿರುಗಿದೆ. ಬ್ರೇಕಿನ ನಳಿಗೆಯೊಳಗಿನ ಗಾಳಿ ತೆಗೆಯುವಾಗ ನೀವು ಕಾರಿನ ಕೆಳಗೆ, ನಾನು ಮೇಲೆ ಸೀಟಿನಲ್ಲಿ. “ಒತ್ತು”, “ಹಿಡಿ”, “ಬಿಡು” — ಕೆಳಗಿನಿಂದ ನಿಮ್ಮ ದನಿ. “ಹಿಡಿದೇನ್ರಿ” ಅಂತ ಮೇಲಿನಿಂದ ನಾನು. ದಾರಿಯಲ್ಲಿ ಹೋಗುವವರು ನಗುತ್ತಿದ್ದರು, ಮಿಸ್ತ್ರಿ ಹೆಂಡತಿ ಗಂಡನ್ನ ಗಾಡಿ ಕೆಳಗ ಹಾಕಿ ತಾನು ಡ್ರೈವರ್ ಆಗ್ಯಾಳ ಅಂತ. ನೀವೂ ಕೆಳಗಿನಿಂದಲೇ ನಗುತ್ತಿದ್ದಿರಿ. ನಮ್ಮ ಸಂಸಾರದ ಒಳ್ಳೆಯ ದಿನಗಳು ಯಾವು ಅಂತ ಯಾರಾದರೂ ಕೇಳಿದರೆ ನನಗೆ ಕಣ್ಣ ಮುಂದೆ ಬರುವುದು ಅವೇ.

ಮೊದಲಿನ ಎರಡು ಕಾರುಗಳು ಚೆನ್ನಾಗಿ ಹೋದವು. ಮೂರನೆಯದು ಇಜೇರಿಯ ಖಾಜಾಸಾಬರದು. ತೊಗರಿ ವ್ಯಾಪಾರದವರು, ನಿಮ್ಮ ಸಣ್ಣಂದಿನ ಗೆಳೆಯರು. ಬ್ರೇಕು ಕೂಡಿಸಿದ ಮೇಲೆ ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದು ಅವರಿಂದಲೇ ಓಡಿಸಿದಿರಿ. ಗಾಡಿ ಗೆರೆಗಿಂತ ಎಷ್ಟೋ ಮೊದಲೇ ನಿಂತಿತು. “ಅರೆ ಭಾಯ್, ಗಾಡಿ ನಿಂತೈತಿ, ನನ್ನ ಟೋಪಿ ಇನ್ನಾ ಹೊಂಟೈತಿ” ಅಂದರು ಅವರು. ನೀವು ಅವತ್ತು ನಕ್ಕಂತೆ ಮತ್ತೆ ನಕ್ಕದ್ದನ್ನು ನಾನು ನೋಡಿಲ್ಲ.

ಆದರೆ ಅದಕ್ಕೆ ಮೊದಲು, ಆ ದಿನ ಬೆಳಿಗ್ಗೆಯೇ —

ನೀವು ಹೇಳಿದ್ದಿರಿ. ಹೇಳಿರಲಿಲ್ಲ ಅಂತ ಅನ್ನಲಿಕ್ಕೂ ನನಗೆ ದಾರಿ ಇಲ್ಲ. “ಕಬ್ಬಿಣ ಡೀಸೆಲ್ಲಿಗೆ, ರಬ್ಬರು ಬ್ರೇಕ್ ಎಣ್ಣಿಗೆ. ಡೀಸೆಲ್ ಮುಟ್ಟಿತಂದ್ರ ರಬ್ಬರು ಉಬ್ಬತೈತಿ. ಉಬ್ಬಿತಂದ್ರ ಒತ್ತಿದ ಬ್ರೇಕು ಹೊಳ್ಳಿ ಬಿಡಂಗಿಲ್ಲ.” ಶೆಡ್ಡಿನಲ್ಲಿ ಧೂಳು ಕೂಡುತ್ತದೆ ಅಂತ ಮಾಸ್ಟರ್ ಸಿಲಿಂಡರಿನ ಆ ಸಣ್ಣ ಸಣ್ಣ ರಬ್ಬರುಗಳನ್ನು ಸ್ಟೀಲಿನ ಬಟ್ಟಲಲ್ಲಿ ಬ್ರೇಕ್ ಎಣ್ಣೆ ಹಾಕಿ, ಮುಚ್ಚಿ, ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದಿರಿ. ಹಂಚಿನ ಮೇಲೆ ಒಂದು ರೊಟ್ಟಿ ಹಾಕಿ, ಜ್ವಾಳದ ಹಿಟ್ಟಿನ ಡಬ್ಬಿ ತೆಗೆಯುವಾಗ ನನ್ನ ಮೊಣಕೈ ತಾಗಿತು. ಬಟ್ಟಲು ಬಿತ್ತು. ಎಣ್ಣೆ ಎಲ್ಲ ನೆಲಕ್ಕೆ, ರಬ್ಬರು ಒಲೆಯ ಬೂದಿಯಲ್ಲಿ.

ಕರೆಯಬೇಕಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿದ್ದಿರಿ. ಬೈಯುತ್ತೀರಿ ಅಂತ ಹೆದರಿಕೆ ಅಲ್ಲ — ನೀವು ಬೈದದ್ದೇ ಕಡಿಮೆ. “ನೀ ತೊಳದದ್ದು” ಅಂತ ಎಲ್ಲರ ಮುಂದೆ ಹೊಗಳುವ ಗಂಡನ ಎದುರಿಗೆ ಚೆಲ್ಲಿದವಳಾಗಿ ನಿಲ್ಲಲಿಕ್ಕೆ ಮನಸ್ಸಾಗಲಿಲ್ಲ, ಅಷ್ಟೇ. ಬೂದಿ ಹೋದರೆ ಸಾಕು ಅಂದುಕೊಂಡೆ. ಹಿತ್ತಲ ಬಾಗಿಲಲ್ಲಿ ನನ್ನ ಡೀಸೆಲ್ಲಿನ ಟ್ರೇ ಇತ್ತು. ಒಮ್ಮೆ ಅದ್ದಿ ತೆಗೆದರೆ ಏನಾದೀತು ಅಂತ ಹಾಕಿದೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ. ಒಳಗೆ ಓಡಿದೆ, ಅದನ್ನು ತಿರುವಿ ಹಾಕಿ, ಕೈಗೆ ಹಿಟ್ಟು ಹತ್ತಿದ್ದಕ್ಕೆ ಇನ್ನೊಂದು ಬಡಿದೆ, ಮತ್ತೊಂದು ಬಡಿದೆ. ಬುಟ್ಟಿ ತುಂಬಿದ ಮೇಲೆಯೇ ಅವುಗಳ ನೆನಪಾದದ್ದು. ತೆಗೆದು, ಸಬಕಾರದಿಂದ ತಿಕ್ಕಿ, ಒರೆಸಿ, ಶೆಡ್ಡಿನ ಡಬ್ಬಿಯಿಂದ ಕದ್ದು ಎಣ್ಣೆ ಸುರಿದು, ಬಟ್ಟಲು ಮೊದಲಿನಂತೆಯೇ ಮಾಡದಲ್ಲಿಟ್ಟೆ.

ನೀವು ಬಂದು ಬಟ್ಟಲು ಎತ್ತಿಕೊಂಡಿರಿ. ಮುಚ್ಚಳ ತೆಗೆದು ಮೂಗಿಗೆ ಹಿಡಿದಿರಿ.

“ಡೀಸೆಲ್ ವಾಸನಿ ಬರಾಕತ್ತೈತಲ್ಲ? ಇವಕ್ಕೇನರ ಮುಟ್ಟಿಸೀಯೇನು?”

“ಇಲ್ರಿ. ನನ್ನ ಕೈದು ಆ ವಾಸನಿ.”

ನೀವು ನನ್ನ ಕೈ ಹಿಡಿದು ಮೂಸಿದಿರಿ. “ಹೌದ ಬಿಡು” ಅಂತ ನಕ್ಕು, ಕೈಯನ್ನು ಒಂದು ಗಳಿಗೆ ಹಾಗೆಯೇ ಹಿಡಿದುಕೊಂಡು, ಹೊರಟಿರಿ. ಆ ಕೈಯಲ್ಲೇ ಈಗ ಬರೆಯುತ್ತಿದ್ದೇನೆ.

ನಾಲ್ಕನೆಯ ದಿನ ಖಾಜಾಸಾಬರು ಊರಿಗೆ ಹೋಗುವಾಗ ಒತ್ತಿದ ಬ್ರೇಕು ಬಿಡಲೇ ಇಲ್ಲ. ಮುಂದಿನ ಗಾಲಿಗಳು ಕಾದು ಹೊಗೆ ಎದ್ದಿತಂತೆ. ಎಣ್ಣೆ ಕುದ್ದು, ಕಡೆಗೆ ಪೆಡಲು ನೆಲಕ್ಕೆ ಹತ್ತಿ, ಗಾಡಿ ತೊಗರಿ ಹೊಲಕ್ಕೆ ನುಗ್ಗಿತು. ಅವರ ಹೆಗಲ ಎಲುಬು ಮುರಿಯಿತು. ಪುಣ್ಯ, ಜೀವ ಉಳಿಯಿತು. ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡಿ ಅವರೇ ಸಮಾಧಾನ ಮಾಡಿದರು: “ಜಾನ್ ಐತಲ್ಲೋ, ಹೋಗಲಿ ಬಿಡು. ಮಶೀನು ಅಂದ ಮ್ಯಾಲ ಆಗತೈತಿ.”

ಗಾಡಿ ಎಳೆದು ತಂದು ಸಿಲಿಂಡರು ಬಿಚ್ಚಿದಿರಿ. ಉಬ್ಬಿದ ರಬ್ಬರನ್ನು ಅಂಗೈಯಲ್ಲಿಟ್ಟುಕೊಂಡು ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತಿರಿ. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ಏನಾದರೂ ಕೇಳುತ್ತೀರಿ, ಆಗ ಹೇಳಿಬಿಡುತ್ತೇನೆ ಅಂತ ಕಾದೆ. ನೀವು ಕೇಳಲಿಲ್ಲ. ಯಾಕೆ ಕೇಳುತ್ತೀರಿ — ಆಗಲೇ ಕೇಳಿದ್ದಿರಿ, ನಾನು ಇಲ್ಲ ಅಂದಿದ್ದೆ. ನನ್ನ ಮಾತಿನ ಮೇಲೆ ನಿಮಗೆ ಅನುಮಾನ ಬರಲಿಲ್ಲ. ಬಂದದ್ದು ನಿಮ್ಮ ಮೇಲೆಯೇ.

“ನಾನ ಮರತು ಡೀಸೆಲ್ಲಿಗೆ ಹಾಕೇನಿ. ಹಾಕಿದ್ದು ನೆನಪ ಸುದ್ದಾ ಇಲ್ಲ ನೋಡು. ತಪ್ಪು ಮಾಡಿದ್ದಕ್ಕಿಂತ ಅದು ಕೆಟ್ಟ. ನೆನಪ ಇರಲಾರದಂವ ಇನ್ನೊಬ್ಬರ ಬ್ರೇಕು ಮುಟ್ಟಬಾರದು.”

ಮರುದಿನವೇ ಬೋರ್ಡು ಇಳಿಸಿದಿರಿ. ಏಣಿ ಹಿಡಿದವಳು ನಾನು. ನಿಮ್ಮ ಹೆಸರು ಕೆಳಗಿಳಿದು ಬರುವುದನ್ನು ನೋಡುತ್ತ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ನೀವು ಮೇಲಿನಿಂದ ಅಂದಿರಿ, “ಇನ್ನ ಮ್ಯಾಲ ನೀನ ನನಗ ನೆನಪ ಮಾಡಿಕೊಡಬೇಕು ನೀಲಾ. ನಿನ್ನ ಬಿಟ್ರ ಯಾರನ್ನ ನಂಬಲಿ?” ಆ ಮಾತು ಕೇಳಿದ ಮೇಲೆ ನನ್ನ ಬಾಯಿ ಮುಚ್ಚಿತು ನೋಡ್ರಿ, ಇವತ್ತಿನವರೆಗೂ.

ಆಮೇಲೆ ನೀರಿನ ಪಂಪು, ಟ್ರಾಲಿಯ ಬೆಸುಗೆ — ಅದರಲ್ಲೇ ಬಾಳು ತೆಗೆದಿರಿ. ಹೊಟ್ಟೆಗೆ ಕಡಿಮೆ ಆಗಲಿಲ್ಲ. ಸೊಲ್ಲಾಪುರದಿಂದ ತಂದದ್ದರಲ್ಲಿ ಉಳಿದ ಒಂದು ಸೆಟ್ಟು ನಿಮ್ಮ ಹಳೇ ಧೋತರದಲ್ಲಿ ಸುತ್ತಿ ಮಂಚದ ಕೆಳಗೆ ಇದೆ. ವರ್ಷಕ್ಕೊಮ್ಮೆ ನಾನೇ ಬಿಚ್ಚಿ ಒರೆಸಿ ಇಡುತ್ತೇನೆ. ಊರಿಗೆ ಬಂದಾಕಿ ನೀರಿಗೆ ಬರದೆ ಇರ್ತಾಳೇನು ಅಂತಾರೆ. ನನ್ನ ಸುಳ್ಳು ಮೂವತ್ತು ವರ್ಷ ನೀರಿಗೂ ಬರಲಿಲ್ಲ, ಮನೆಯೊಳಗೇ ಕುಳಿತು ಉಂಡಿತು. ಖಾಜಾಸಾಬರು ಹೋದ ವರ್ಷ ತೀರಿಕೊಂಡರು. ಅವರ ಮುಂದೆ ಒಪ್ಪಿಕೊಳ್ಳುವ ಭಾಗ್ಯವನ್ನು ನಾನೇ ಕಳಕೊಂಡೆ.

ಕೆಲಸ ಹೋದದ್ದಕ್ಕಿಂತ ನನ್ನನ್ನು ಸುಟ್ಟದ್ದು ಬೇರೆ. ಅವತ್ತಿನಿಂದ ನೀವು ನಿಮ್ಮನ್ನೇ ನಂಬಲಿಲ್ಲ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತೀರಿ. “ಬೀಗ ಹಾಕೇನೇನು ನೀಲಾ?” ನಾನು “ಹಾಕೀರಿ” ಅಂದರೂ ಹೊಳ್ಳಿ ಹೋಗಿ ಜಗ್ಗಿ ನೋಡುತ್ತೀರಿ. ಗುಳಿಗೆ ನುಂಗಿ, ನುಂಗಿದೆನೇ ಅಂತ ಕೇಳುತ್ತೀರಿ. ಮಕ್ಕಳು ಅಪ್ಪಗ ಅರವು ಮರವು ಅಂತ ನಗುತ್ತಾರೆ. ನಿಮಗೆ ಮರೆವು ಇಲ್ರಿ. ಆಗಲೂ ಇರಲಿಲ್ಲ. ಸೊಲ್ಲಾಪುರದ ಆ ಸೆಟ್ಟಿನ ಒಂದೊಂದು ತಿರುಪನ್ನೂ ಇವತ್ತಿಗೂ ಹೇಳಬಲ್ಲಿರಿ.

ಈಗ ನಿಮ್ಮ ಕಣ್ಣಿಗೆ ಪೊರೆ ಬಂದು ಅಕ್ಷರ ಹತ್ತುವುದಿಲ್ಲ. ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು ಪೇಪರು ಓದಿ ಹೇಳುವವಳು ನಾನೇ. ಆದ್ದರಿಂದ ಇದನ್ನು ಬರೆದು ನಿಮ್ಮ ದಿಂಬಿನ ಕೆಳಗೆ ಇಟ್ಟು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ನನ್ನ ಬಾಯಿಂದಲೇ, ನಿಮ್ಮ ಮುಂದೆಯೇ ಓದಬೇಕು. ನೀವು ಬೈದರೆ ಬೈರಿ, ಮಾತು ಬಿಟ್ಟರೆ ಬಿಡ್ರಿ. ಕ್ಷಮಿಸಿ ಅಂತ ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀರಿ, ನಿಮ್ಮ ಗುಣ ಅಂಥದು.

ಇವತ್ತು ಸಂಜೆ ಪೇಪರು ಇಲ್ರಿ, ಇದನ್ನು ಓದುತ್ತೇನೆ. ಓದಿ ಮುಗಿಸಿ ಇಬ್ಬರೂ ಬೀಗ ಹಾಕಿ ಖಾಜಾಸಾಬರ ಮನೆಗೆ ಹೋಗೋಣ. ಅವರ ಹೆಂಡತಿಯ ಮುಂದೆಯೂ ಹೇಳಬೇಕು. ದಾರಿಯಲ್ಲಿ ನೀವು ನಿಂತು ಕೇಳುತ್ತೀರಿ, ಬೀಗ ಹಾಕೇನೇನು ಅಂತ. ಹಾಕೀರಿ. ಅವತ್ತೂ ಎಲ್ಲಾ ಸರಿಯಾಗೇ ಮಾಡಿದ್ದಿರಿ.